ಡಿ ಡ್ರೈವ್ ಎಲ್ಲಿ?

2014ರ ಮೇ ತಿಂಗಳು. ತಿಪಟೂರಿನ ನಮ್ಮ ಮನೆಯ ನಡುಮನೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಅಪ್ಪನ ಕಂಪ್ಯೂಟರ್ ಇತ್ತು. 2008ರಲ್ಲಿ ಕೊಂಡದ್ದು. 1 ಜಿಬಿ ರ್‍ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಸ್ವಿಚ್ ಹಾಕಿ, ಅಮ್ಮ ಕಾಫಿ ಸೋಸಿ ತರುವವರೆಗೂ ಅದು ಏಳುತ್ತಿರಲಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅಪ್ಪ ದಿನಾ ಬೆಳಿಗ್ಗೆ ಅಲ್ಲಿ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ನಮ್ಮ ಹಳ್ಳಿಯ ಕೆರೆಯ ಬಗ್ಗೆ ಏನೋ ಬರೆಯುತ್ತಿದ್ದಾರೆ ಅಂತ ಮಾತ್ರ ನನಗೆ ಗೊತ್ತಿತ್ತು. ಒಂದು ಸಲವೂ ಓದಿರಲಿಲ್ಲ.

ಆ ವರ್ಷ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತ್ತು. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಹೊಸ ಜೀವ ಬರುತ್ತದೆ ಅಂತ ನಾನು ಓದಿಕೊಂಡಿದ್ದೆ. ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬ, ಲಿನಸ್ ಟೊರ್ವಾಲ್ಡ್ಸ್, 1991ರಲ್ಲಿ ಶುರು ಮಾಡಿದ್ದನ್ನು ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿ, ಯಾರು ಬೇಕಾದರೂ ಬಳಸಿ ಅಂತ ಬಿಟ್ಟಿದ್ದಾರೆ ಎಂಬುದೇ ನನಗೆ ದೊಡ್ಡ ವಿಷಯವಾಗಿ ಕಂಡಿತ್ತು. ಈಗಲೂ ಹಾಗೇ ಕಾಣುತ್ತದೆ. ಹಗುರವಾದದ್ದು ಬೇಕಿತ್ತು, ಲುಬುಂಟು 14.04 ಅನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೆಂಗಳೂರಿನಿಂದ ಊರಿಗೆ ಹೋದೆ. ಅಪ್ಪ ಅಮ್ಮ ಮದುವೆಗೆಂದು ಅರಸೀಕೆರೆಗೆ ಹೊರಟಿದ್ದರು. ಬರುವಷ್ಟರಲ್ಲಿ ಮುಗಿಸಿ ಆಶ್ಚರ್ಯಪಡಿಸೋಣ ಅಂದುಕೊಂಡೆ. ಕೇಳಬೇಕು ಅಂತ ಅನ್ನಿಸಲೇ ಇಲ್ಲ.

ಹಾಕುವಾಗ ಪರದೆಯ ಮೇಲೆ ಕೆಲವು ಆಯ್ಕೆಗಳು ಬಂದವು. ಎಕ್ಸ್‌ಪಿಯ ಪಕ್ಕದಲ್ಲೇ ಲಿನಕ್ಸ್ ಹಾಕಬಹುದಿತ್ತು. ಡಿಸ್ಕ್ ಪೂರ್ತಿ ಅಳಿಸಿಯೂ ಹಾಕಬಹುದಿತ್ತು. ಎರಡನೆಯದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇತ್ತು, ಓದಿದೆ ಕೂಡ. ಆದರೆ ‘ಡಿಸ್ಕ್’ ಅಂದರೆ ಸಿ ಡ್ರೈವ್ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅಪ್ಪನ ಬರಹವೆಲ್ಲ ಡಿಯಲ್ಲಿ ಇರುವುದು, ಅದಕ್ಕೇನಾಗುತ್ತದೆ ಅಂತ ಒತ್ತಿದೆ. ಸಿ, ಡಿ ಎರಡೂ ಒಂದೇ ತಟ್ಟೆಯಲ್ಲಿ ಗೆರೆ ಎಳೆದು ಮಾಡಿಕೊಂಡ ಎರಡು ಪಾಲು ಅಷ್ಟೆ. ನಾನು ತಟ್ಟೆಯನ್ನೇ ತೊಳೆದಿದ್ದೆ.

ಭಾನುವಾರ ಸಂಜೆ ಅವರು ಬಂದರು. ಒಂದೇ ನಿಮಿಷಕ್ಕೆ ಕಂಪ್ಯೂಟರ್ ಎದ್ದು ನಿಂತದ್ದನ್ನು ಅಪ್ಪ ಖುಷಿಯಿಂದಲೇ ನೋಡಿದರು. ಕನ್ನಡಕ ಹಾಕಿಕೊಂಡು ಕೂತು, ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಒತ್ತಿ, “ಡಿ ಡ್ರೈವ್ ಎಲ್ಲಿ?” ಅಂದರು. ಲಿನಕ್ಸಿನಲ್ಲಿ ಸಿ, ಡಿ ಅಂತೆಲ್ಲ ಇರುವುದಿಲ್ಲ, ಎಲ್ಲವೂ ಒಂದೇ ಬೇರಿನಿಂದ ಕವಲೊಡೆಯುತ್ತದೆ ಅಂತ ನಾನು ಪಾಠ ಶುರು ಮಾಡಿದೆ. ಮಾತಿನ ಮಧ್ಯದಲ್ಲಿ ಫೈಲುಗಳ ಕಿಟಕಿ ತೆರೆದೆ. ಇದ್ದದ್ದು ಒಂದೇ ವಿಭಾಗ, ಅದರಲ್ಲಿ ನಾನು ಆವತ್ತು ಹಾಕಿದ್ದು ಬಿಟ್ಟರೆ ಏನೂ ಇಲ್ಲ. ನನ್ನ ಕೈ ತಣ್ಣಗಾಯಿತು. ಅಪ್ಪ ಪಕ್ಕದಲ್ಲೇ ಇದ್ದರು, ಮುಂದಿನ ಮಾತಿಗೆ ಕಾಯುತ್ತಿದ್ದರು.

“ಎಲ್ಲ ಬೇರೆ ಕಡೆ ಇಟ್ಟಿದ್ದೀನಪ್ಪ, ಬೆಳಿಗ್ಗೆ ಹಾಕಿಕೊಡ್ತೀನಿ,” ಅಂದೆ.

ಅವರು ನಂಬಿ ಊಟಕ್ಕೆ ಎದ್ದರು. ಮಾಡಿದ ತಪ್ಪು ಗೊತ್ತಿಲ್ಲದೆ ಆದದ್ದು ಅಂತ ನನಗೆ ನಾನೇ ಹೇಳಿಕೊಳ್ಳಬಲ್ಲೆ. ಈ ಸುಳ್ಳಿಗೆ ಮಾತ್ರ ಅಂಥ ಸಮಾಧಾನ ಇವತ್ತಿಗೂ ಸಿಕ್ಕಿಲ್ಲ.

ಎಲ್ಲರೂ ಮಲಗಿದ ಮೇಲೆ ಫೋಟೋರೆಕ್ ಎಂಬ ತಂತ್ರಾಂಶ ಇಳಿಸಿಕೊಂಡೆ. ಹೆಸರಲ್ಲಿ ಫೋಟೋ ಇದ್ದರೂ ಅದು ಹಲವು ಬಗೆಯ ಫೈಲುಗಳನ್ನು ಹುಡುಕುತ್ತದೆ. ಡಿಸ್ಕ್ ಅಳಿಸಿದಾಗ ಹೋಗುವುದು ಮುಖ್ಯವಾಗಿ ಯಾವುದು ಎಲ್ಲಿದೆ ಎಂಬ ಲೆಕ್ಕ. ಮೇಲೆ ಹೊಸದೇನೂ ಬರೆಯದಿದ್ದರೆ ಒಳಗಿನದು ಹಾಗೇ ಉಳಿದಿರುತ್ತದೆ. ಫೈಲಿನ ಹೆಸರು ಸಿಗುವುದಿಲ್ಲ, ಅದರ ಬದಲು ಉದ್ದುದ್ದ ಸಂಖ್ಯೆಗಳು. ರಾತ್ರಿ ಎರಡೂವರೆ ಹೊತ್ತಿಗೆ ಇನ್ನೊಂದು ಪೆನ್‌ಡ್ರೈವಿನಲ್ಲಿ ಹತ್ತಾರು ಡಾಕ್ ಫೈಲುಗಳು ಬಂದು ಬಿದ್ದವು. ಎದೆ ಹಗುರವಾಯಿತು. ಒಂದನ್ನು ತೆರೆದೆ. ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೀಟು, ಚುಕ್ಕೆ, ನಡುನಡುವೆ ಪೌಂಡಿನ ಗುರುತು. ಇನ್ನೈದಾರು ತೆರೆದೆ. ಎಲ್ಲವೂ ಅದೇ. ಫೈಲುಗಳು ಕೆಟ್ಟುಹೋಗಿವೆ ಅಂತ ತೀರ್ಮಾನಿಸಿದೆ.

ಆಮೇಲೆ ಮಾಡಿದ್ದು ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ಮೊದಲಿನಂತೆ ಎಕ್ಸ್‌ಪಿ ಹಾಕಿ ಸಿ, ಡಿ ಮಾಡಿದರೆ ಹೆಸರು ಸಮೇತ ಸಿಕ್ಕೀತು ಅಂತ, ಆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ಡ್ರೈವರುಗಳನ್ನು ತುಂಬಿಸಿದೆ. ಡ್ರಾಯರಿನಲ್ಲಿದ್ದ ಹಳೆಯ ಸಿಡಿಯಿಂದ ಎಕ್ಸ್‌ಪಿ ಹಾಕಿದೆ. ಉಳಿದಿದ್ದ ಅಕ್ಷರಗಳ ಮೇಲೆ ನಾನೇ ಮತ್ತೆ ಬರೆಯುತ್ತ ಹೋದೆ. ಬೆಳಕು ಹರಿಯಿತು, ಡಿ ಡ್ರೈವ್ ಬಂತು, ಖಾಲಿ.

ಐದೂವರೆಗೆ ಅಪ್ಪ ಎದ್ದು ಬಂದರು. ಎಲ್ಲವನ್ನೂ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, “ತೆರೆದಾಗ ಹೇಗೆ ಕಾಣ್ತಿತ್ತು?” ಅಂತ ಕೇಳಿದರು. ಪೇಪರಿನ ಅಂಚಿನ ಮೇಲೆ ಬರೆದು ತೋರಿಸಿದೆ.

“ಕೆಟ್ಟಿರಲಿಲ್ಲ ಕಣೋ ಅದು. ನುಡಿ ಇಲ್ಲದ ಕಡೆ ತೆಗೆದರೆ ಹೀಗೇ ಕಾಣೋದು. ಡಿಟಿಪಿ ಅಂಗಡೀಲಿ ಎಷ್ಟು ಸಲ ನೋಡಿದೀನಿ. ರಾತ್ರಿನೇ ನನ್ನ ಎಬ್ಬಿಸಬಾರದಿತ್ತಾ?”

ಅವರು ಬಳಸುತ್ತಿದ್ದ ನುಡಿಯ ಅಕ್ಷರಗಳು ಯೂನಿಕೋಡ್ ಅಲ್ಲ. ಫೈಲಿನ ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ, ಅವಕ್ಕೆ ಕನ್ನಡದ ರೂಪ ತೊಡಿಸುವುದು ನುಡಿಯ ಫಾಂಟ್. ಫಾಂಟ್ ಇಲ್ಲದಿದ್ದರೆ ಬತ್ತಲೆ ಸಂಕೇತ ಕಾಣುತ್ತದೆ. ಹತ್ತು ವರ್ಷ ಕಂಪ್ಯೂಟರಿನ ಕೆಲಸ ಮಾಡಿ ಸಂಬಳ ಎಣಿಸಿದ ನನಗೆ ಇದು ಗೊತ್ತಿರಲಿಲ್ಲ. ನಾನು ಕಲಿಸಲು ಹೋಗಿದ್ದ ಮೇಷ್ಟರಿಗೆ ಗೊತ್ತಿತ್ತು.

ಮತ್ತೆ ಫೋಟೋರೆಕ್ ಓಡಿಸಿದೆವು, ಈ ಸಲ ಇಬ್ಬರೂ ಕೂತು. ಹದಿನಾಲ್ಕು ಅಧ್ಯಾಯಗಳಲ್ಲಿ ಹನ್ನೊಂದು ಸಿಕ್ಕವು. ಮೊದಲ ಸಾಲು ನೋಡಿಯೇ ಅಪ್ಪ ಪ್ರತಿಯೊಂದಕ್ಕೂ ಹೆಸರಿಟ್ಟರು. ಆವತ್ತೇ ನಾನು ಅವುಗಳನ್ನು ಮೊದಲ ಸಲ ಓದಿದ್ದು. ಕೆರೆ ಏರಿಗೆ ಮಣ್ಣು ಹಾಕಿದ ಕಥೆ, ತೂಬು, ಕೋಡಿ, ಯಾವ ವರ್ಷ ಕೋಡಿ ಬಿತ್ತು ಎಂಬುದು. ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಿ ಮೂರು ಕಡೆ ಇಟ್ಟ ಮೇಲೆ, ಅಪ್ಪನನ್ನು ಕೇಳಿ ಲುಬುಂಟು ಮತ್ತೆ ಹಾಕಿದೆ. ನುಡಿಯಲ್ಲಿದ್ದ, ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಅದರಲ್ಲೂ ಸಿಗುತ್ತದೆ. ಒತ್ತಕ್ಷರಕ್ಕೆ ಅಪ್ಪನ ಬೆರಳು ಹಳೆಯ ಅಭ್ಯಾಸದಂತೆ ‘ಎಫ್’ ಕೀಲಿಗೇ ಹೋಯಿತು, ಅಕ್ಷರ ಮೂಡಿತು. ಆ ಯಂತ್ರ ಇನ್ನೂ ನಾಲ್ಕು ವರ್ಷ ದುಡಿಯಿತು.

ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿದೆ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಹೊರಟ ಗೆಳೆಯರು ನನ್ನನ್ನು ಕೇಳುತ್ತಾರೆ. ಧೈರ್ಯವಾಗಿ ಹಾಕಿ ಅನ್ನುತ್ತೇನೆ. ಅದಕ್ಕೂ ಮೊದಲು, ಆ ಮೇಜಿಗೆ ದಿನಾ ಕೂರುವವರು ಯಾರು ಅಂತ ವಿಚಾರಿಸುತ್ತೇನೆ.

ಹೋದ ಮೂರರಲ್ಲಿ ಎರಡು ಅಧ್ಯಾಯಗಳನ್ನು ಅಪ್ಪ ನೆನಪಿನಿಂದ ಉದ್ದ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದರು. ಮೂರನೆಯದು ನೀರುಗಂಟಿಗಳದ್ದು. ಸರದಿ ಪ್ರಕಾರ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ಮನೆತನದ ಹಿರಿಯರೊಬ್ಬರು ತಲೆಮಾರುಗಳ ಹೆಸರು ಹೇಳಿ ಬರೆಸಿದ್ದರು. 2014ರ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅಪ್ಪ ಆ ಅಧ್ಯಾಯಕ್ಕೆಂದು ನೋಟ್‌ಬುಕ್ಕಿನಲ್ಲಿ ಬಿಟ್ಟ ಆರು ಹಾಳೆ ಈಗಲೂ ಖಾಲಿ ಇವೆ.