ಕಲ್ಲಿಗೆ ಕಟ್ಟಿದ ಗಿಡ

ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಸಂಘದ ಕಾರ್ಯದರ್ಶಿ ಮೂರು ವಾರದಿಂದ ಬೆನ್ನು ಹತ್ತಿದ್ದಾನೆ. ಕವಿತೆ ನನಗೆ ಬಾರದು. ಕಥೆ ಕಟ್ಟುವಷ್ಟು ಲೋಕ ಕಂಡವನೂ ಅಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಡೊಂಬಿವಲಿಯ ನಮ್ಮ ಮನೆಯ ಮೀನಿನ ತೊಟ್ಟಿಯೊಂದೇ. ಅದನ್ನೇ ಬರೆಯುತ್ತೇನೆ, ಓದುಗರು ಸಹಿಸಿಕೊಳ್ಳಬೇಕು.

ಅಪ್ಪ ಕುಂದಾಪುರದ ಕಡೆಯವರು. ಹದಿನಾರನೆಯ ವಯಸ್ಸಿನಲ್ಲಿ ಠಾಣೆಗೆ ಬಂದು, ಹೋಟೆಲಿನ ಅಡುಗೆಮನೆಯಲ್ಲಿ 34 ವರ್ಷ ದೋಸೆ ಹೊಯ್ದರು. ಹೋದ ವರ್ಷ ಮೊಣಕಾಲು ನೋವು ಹೆಚ್ಚಾಗಿ ಕೆಲಸ ಬಿಟ್ಟರು. ಕೆಲಸದ ಜೊತೆಗೆ ಮಾತನ್ನೂ ಬಿಟ್ಟರು. ಅಭ್ಯಾಸಬಲದಿಂದ ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಹೋಗಲು ಎಲ್ಲಿಯೂ ಇಲ್ಲದೆ ಕಿಟಕಿಯ ಹತ್ತಿರ ಕೂರುವುದು. ನೋಡಲಾರದೆ ನಾನು ಟ್ಯೂಷನ್ ದುಡ್ಡಿನಿಂದ ಎರಡಡಿಯ ಗಾಜಿನ ತೊಟ್ಟಿಯನ್ನೂ ಎರಡು ಗೋಲ್ಡ್ ಫಿಶ್‌ಗಳನ್ನೂ ತಂದೆ. ಅಮ್ಮ "ಇರುವ ಜಾಗ ಸಾಲದಾ?" ಅಂದಳು. ಅಪ್ಪ ಏನೂ ಅನ್ನಲಿಲ್ಲ.

ಬರೀ ನೀರು ಬೋಳಾಗಿ ಕಂಡಿತು. ಭಾನುವಾರ ಲೋಕಲ್ ಹತ್ತಿ ಕುರ್ಲಾದ ಮೀನುಮಾರುಕಟ್ಟೆಗೆ ಹೋಗಿ ಹೈಡ್ರಿಲ್ಲ, ಕಬೊಂಬ ಎಂಬ ಎರಡು ಕಟ್ಟು ಸೊಪ್ಪು ತಂದು ನೆಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಬರೀ ಕಡ್ಡಿ! ಎಲೆಯೆಲ್ಲ ಮಾಯ. ನಾನು ಬೈಯುತ್ತಿದ್ದರೆ ಕಿಟಕಿಯ ಕಡೆಯಿಂದ ಅಪ್ಪನ ದನಿ ಬಂತು: "ಹಸಿದವು ತಿನ್ನದೆ ಎಂತ ಮಾಡ್ತವೆ?" ಎಷ್ಟೋ ದಿನದ ಮೇಲೆ ಅವರಾಗಿ ಆಡಿದ ಮಾತು ಅದು.

ಆಮೇಲೆ ಓದಿ ತಿಳಿದುಕೊಂಡೆ. ಗೋಲ್ಡ್ ಫಿಶ್‌ಗೆ ನಮ್ಮ ಹಾಗೆ ಅನ್ನ ತುಂಬಿಟ್ಟುಕೊಳ್ಳುವ ಜಠರವೇ ಇಲ್ಲವಂತೆ. ಹಲ್ಲು ಇರುವುದು ಗಂಟಲಲ್ಲಿ. ಆದ್ದರಿಂದ ದಿನವಿಡೀ ಮೇಯುತ್ತಲೇ ಇರಬೇಕು. ಅಪ್ಪನಿಗೆ ಹೇಳಿದೆ. "ಹೊಟ್ಟೆಯೇ ಇಲ್ಲದ ಗಿರಾಕಿ!" ಎಂದು ನಕ್ಕರು.

ಇಂಥ ಮೀನಿಗೆ ಮೆತ್ತಗಿನ ಸೊಪ್ಪು ನಡೆಯದು. ದಪ್ಪ ಎಲೆಯ, ರುಚಿಯಿಲ್ಲದ ಗಿಡ ಬೇಕು. ಮುಂದಿನ ವಾರ ಆಫ್ರಿಕದ ಅನೂಬಿಯಾಸ್ ತಂದೆ. ಬೆಲೆ ಜಾಸ್ತಿ, ಎಲೆ ತೊಗಲಿನ ಹಾಗೆ. ಮೀನು ಎರಡು ಸಲ ಮೂತಿ ಇಟ್ಟು ನೋಡಿ ಬಿಟ್ಟುಬಿಟ್ಟವು. ನಾನು ಗೆದ್ದೆ ಅಂದುಕೊಂಡೆ. ಆದರೆ ತಿಂಗಳೊಳಗೆ ಎಲೆ ಹಳದಿಯಾಗಿ ಒಂದೊಂದೇ ಕಳಚಿತು. ಕಿತ್ತು ನೋಡಿದರೆ ಬುಡ ಕೊಳೆತು ನಾರುತ್ತಿತ್ತು. ಆ ಗಿಡಕ್ಕೆ ಶುಂಠಿಯಂಥ ಅಡ್ಡ ಕಾಂಡವೊಂದಿದೆ, ಅದನ್ನು ಹೂಳಬಾರದು. ನಾನೋ ತುಳಸಿ ನೆಟ್ಟ ಹಾಗೆ ಜಲ್ಲಿಯಲ್ಲಿ ಕುತ್ತಿಗೆಯವರೆಗೆ ಹೂತಿದ್ದೆ. ಮೊದಲನೆಯದನ್ನು ಮೀನು ತಿಂದಿತು. ಎರಡನೆಯದನ್ನು ಕೊಂದವನು ನಾನು.

ಬೇಸರ ಹತ್ತಿ, ಎಲ್ಲವನ್ನೂ ಕಲ್ಯಾಣದ ಕಾಳಾ ತಲಾವಿಗೆ ಬಿಟ್ಟುಬರುತ್ತೇನೆ ಅಂದೆ. ಅಪ್ಪ ಸಿಟ್ಟಾದರು. "ತಂದವರು ಸಾಕಬೇಕು, ಮಗಾ. ಕೆರೆಯ ಮೀನು ಎಂತ ಪಾಪ ಮಾಡಿತ್ತು?" ಅವರ ಮಾತೇ ಸರಿ. 2020ರಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡು ತುಂಬ ಗುಲಾಬಿ ಹೂ ಅರಳಿ ಜನ ಜಾತ್ರೆಯಂತೆ ನೆರೆದರಲ್ಲ, ಆ ಹೂವಿನ ಗಿಡ ಅಮೆರಿಕ ಖಂಡದಿಂದ ಬಂದ ಒಂದು ಜಾತಿಯ ಕಬೊಂಬ. ನೋಡಲು ಚೆಂದ, ನೀರಿಗೆ ಕಳೆ.

ಮೂರನೆಯ ಸಲ ಅಪ್ಪನೂ ನನ್ನ ಜೊತೆ ಲೋಕಲ್ ಹತ್ತಿದರು. ಒಂದು ಅನೂಬಿಯಾಸ್, ಒಂದು ಜಾವಾ ಫರ್ನ್, ಮೂಲೆಗೆ ನಾಲ್ಕು ಬುಡ ವ್ಯಾಲಿಸ್ನೇರಿಯ ತಂದೆವು. ವ್ಯಾಲಿಸ್ನೇರಿಯಕ್ಕೆ ಮಾತ್ರ ಜಲ್ಲಿ ಬೇಕು. ಮೀನು ಕೀಳದಂತೆ ಅದರ ಬುಡದ ಸುತ್ತ ಕಲ್ಲು ಹೇರಿದೆವು. ತಿಂದಷ್ಟೂ ಬಳ್ಳಿ ಬಿಟ್ಟು ಹಬ್ಬುವ ಜಾತಿ ಅದು. ಉಳಿದೆರಡನ್ನು ಕಲ್ಲಿಗೆ ಕಟ್ಟಬೇಕು. ನನ್ನ ಕೈಯಲ್ಲಿ ದಾರ ಜಾರುತ್ತಿತ್ತು. "ಕೊಡು ಇಲ್ಲಿ" ಎಂದು ಅಪ್ಪ ತೆಗೆದುಕೊಂಡರು. ಹಲಸಿನೆಲೆಯ ಕೊಟ್ಟೆ ಕಟ್ಟಿದ ಕೈ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ.

"ಮಣ್ಣೇ ಬೇಡವಾ ಇದಕ್ಕೆ?" ಎಂದು ಕೇಳಿದರು.

"ಬೇಡ ಅಪ್ಪ. ಕಲ್ಲಿಗೇ ಬೇರು ಹಿಡಿಯುತ್ತದೆ. ಸ್ವಲ್ಪ ತಡ ಅಷ್ಟೆ."

ಅವರು ಕಲ್ಲನ್ನು ತುಸು ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಮೆಲ್ಲಗೆ ನೀರಿಗೆ ಇಳಿಸಿದರು.

ಈಗ ಬೆಳಿಗ್ಗೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಬಟಾಣಿ ಬೇಯುತ್ತದೆ. ಸಿಪ್ಪೆ ತೆಗೆದು, ಚಿವುಟಿ, ಗಿರಾಕಿಗಳಿಗೆ ಬಡಿಸುವುದು ಅಪ್ಪನ ಕೆಲಸ. ಅವುಗಳ ಬಾಯಿಗೆ ಬೇರೆ ಏನಾದರೂ ಸಿಕ್ಕಿದರೆ ಗಿಡದ ತಂಟೆ ಕಡಿಮೆ. ದೀಪವನ್ನೂ ಹೆಚ್ಚು ಹೊತ್ತು ಹಾಕುವುದಿಲ್ಲ. ನಿಧಾನಕ್ಕೆ ಬೆಳೆಯುವ ಎಲೆಗೆ ಬೇಗ ಪಾಚಿ ಹಿಡಿಯುತ್ತದೆ.

ನಾಲ್ಕನೆಯ ವಾರ ನಾನು ಕ್ಲಾಸಿನಲ್ಲಿದ್ದಾಗ ಫೋನ್ ನಡುಗಿತು. ಅಪ್ಪ ಎಂದೂ ತಾವಾಗಿ ಫೋನ್ ಮಾಡಿದವರಲ್ಲ. ಗಾಬರಿಯಾಗಿ ಹೊರಗೆ ಓಡಿದೆ.

"ಮಗಾ, ಅನೂಬಿಯಾಸ್ ಹೊಸ ಎಲೆ ಬಿಟ್ಟಿದೆ. ಸುರುಳಿ ಈಗಷ್ಟೇ ಬಿಚ್ತಾ ಇದೆ" ಅಂದರು. ಸ್ವಲ್ಪ ಸುಮ್ಮನಿದ್ದು, "ಬರುವಾಗ ಬಟಾಣಿ ತಾ. ಮುಗಿದಿದೆ" ಅಂದರು.