ರಸ್ತೆ ಸೀನು

ನಾಟಕದಲ್ಲಿ ಪಾತ್ರ ಮಾಡುವವನೇ ಕೈಯಿಂದ ದುಡ್ಡು ಹಾಕಬೇಕು ಎಂದರೆ ಪೇಟೆಯವರು ನಂಬುವುದಿಲ್ಲ. ನಮ್ಮ ಸಿ.ಎಸ್. ಪುರದ ಸುತ್ತಮುತ್ತ ‘ಕುರುಕ್ಷೇತ್ರ’ ಕಟ್ಟಿದರೆ ಕೃಷ್ಣನಿಗೂ ದುರ್ಯೋಧನನಿಗೂ ರೇಟು ಜಾಸ್ತಿ. ಕೊಬ್ಬರಿಗೆ ಒಳ್ಳೆ ಬೆಲೆ ಸಿಕ್ಕ ವರ್ಷ ಆ ಎರಡು ಪಾತ್ರಗಳಿಗೆ ಪೈಪೋಟಿ. ಮಳೆ ಕೈಕೊಟ್ಟ ವರ್ಷ ದುರ್ಯೋಧನನೂ ಸಾಲದಲ್ಲೇ ತೊಡೆ ತಟ್ಟಬೇಕು. ಕೂಡಿದ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಕಳೆದು ಉಳಿದದ್ದು ಸೀನರಿ ಬಾಡಿಗೆಗೆ ಹೋಗುತ್ತಿತ್ತು. ಅರಮನೆ, ಕಾಡು, ಉದ್ಯಾನವನ, ರಸ್ತೆ. ಇಷ್ಟು ಪರದೆಗಳಿದ್ದರೆ ಹದಿನೆಂಟು ದಿನದ ಯುದ್ಧ ಬೆಳಗಾಗುವುದರೊಳಗೆ ಮುಗಿಯುತ್ತಿತ್ತು.

ಸಣ್ಣವನಿದ್ದಾಗ ನನಗೆ ದರ್ಬಾರಿಗಿಂತ ರಸ್ತೆ ಸೀನೇ ಇಷ್ಟ. ಎರಡೂ ಕಡೆ ಮಹಡಿ ಮನೆಗಳು, ನಡುವೆ ನುಣ್ಣಗೆ ಓಡಿ ದೂರದಲ್ಲಿ ಚೂಪಾಗುವ ದಾರಿ, ಸಾಲಾಗಿ ದೀಪದ ಕಂಬಗಳು. ಒಂದು ನಾಯಿಯಿಲ್ಲ, ಒಂದು ಗುಂಡಿಯಿಲ್ಲ. ಹಸ್ತಿನಾವತಿಗೆ ಲೈಟು ಕಂಬ ಯಾವಾಗ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮೂರಿನ ಕಂಬದಲ್ಲಿ ಕರೆಂಟು ಹೋಗಿರುತ್ತಿತ್ತು, ಪರದೆಯ ಕಂಬ ಮಾತ್ರ ಜನರೇಟರ್ ಬೆಳಕಿನಲ್ಲಿ ಝಗಝಗ ಅನ್ನುತ್ತಿತ್ತು. ಪೇಟೆ ಅಂದರೆ ಹೀಗೇ ಇರುತ್ತದೆ ಎಂದು ನಂಬಿಯೇ ನಾನು ತುಮಕೂರಿಗೆ ಓದಲು ಹೋದೆ.

ರಸ್ತೆ ಸೀನಿಗೆ ಇನ್ನೊಂದು ಉಪಯೋಗವಿತ್ತು. ಹಿಂದೆ ದರ್ಬಾರು ಜೋಡಿಸಬೇಕಾದರೆ ರಸ್ತೆಯ ಪರದೆಯನ್ನು ಮುಂದೆ ಇಳಿಬಿಟ್ಟು, ಅದರ ಎದುರಿನ ಇಷ್ಟೇ ಇಷ್ಟು ಜಾಗದಲ್ಲಿ ಹಾಸ್ಯದವರನ್ನು ಬಿಡುತ್ತಿದ್ದರು. ಹಿಂದಿನಿಂದ ಸಿಂಹಾಸನ ಎಳೆಯುವ ಸದ್ದು, ಮುಂದೆ ನಗು. ಇದು ಕಂಪನಿ ನಾಟಕದವರು ಕಲಿಸಿದ ಉಪಾಯ. 1884ರಲ್ಲಿ ನಮ್ಮ ತಾಲ್ಲೂಕಿನ ಗುಬ್ಬಿಯಲ್ಲೇ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿತು. ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದ ಆ ಯಜಮಾನರು ಸ್ವತಃ ಹೆಸರು ಮಾಡಿದ್ದು ಹಾಸ್ಯದ ಪಾತ್ರಗಳಲ್ಲಿ. ಅರಮನೆ ಕಟ್ಟಿಸಿದವರೇ ರಸ್ತೆಯಲ್ಲಿ ನಿಂತು ನಗಿಸುತ್ತಿದ್ದರು ಎನ್ನುವುದು ನನಗೆ ಈಗಲೂ ಹೆಮ್ಮೆಯ ವಿಷಯ.

ತುಮಕೂರಿನ ರಸ್ತೆ ಪರದೆಯ ಹಾಗಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಬರಬರುತ್ತಾ ಅಲ್ಲಿಯೂ ಕಾಂಪೌಂಡ್ ಗೋಡೆಗಳಿಗೆ ಬಣ್ಣ ಬಂತು. ನೋಡಿದರೆ ಎತ್ತಿನ ಗಾಡಿ, ರಾಗಿ ಬೀಸುವ ಹೆಂಗಸು, ತೆಂಗಿನ ಮರ, ಕೆರೆ ಏರಿ. ನಾನು ಬಸ್ಸು ಹತ್ತಿ ಬಿಟ್ಟು ಬಂದದ್ದೆಲ್ಲ ನನ್ನ ಹಿಂದೆಯೇ ಬಂದು ಗೋಡೆ ಹತ್ತಿ ಕೂತಿತ್ತು! ಹಳ್ಳಿಯವರು ಬಾಡಿಗೆ ಕೊಟ್ಟು ಪೇಟೆಯ ಚಿತ್ರ ತರಿಸುತ್ತಾರೆ, ಪೇಟೆಯವರು ಕೂಲಿ ಕೊಟ್ಟು ಹಳ್ಳಿ ಬರೆಸುತ್ತಾರೆ. ಎರಡು ಕಡೆಯೂ ಬರೆಯುವವನು ಮಾತ್ರ ಒಬ್ಬನೇ ಇರಬೇಕೆಂದು ನನ್ನ ಗುಮಾನಿ. ಆ ತೆಂಗಿನ ಗರಿಯ ಬಾಗು ಉದ್ಯಾನವನದ ಪರದೆಯಲ್ಲಿ ನೋಡಿದ್ದೇ.

ನಾನು ಗೋಡೆ ನೋಡುವುದಕ್ಕಿಂತ ಗೋಡೆಯ ಮುಂದಿನವರನ್ನು ನೋಡುವುದೇ ಹೆಚ್ಚು. ಬರೆದ ಕೆರೆಯ ಪಕ್ಕ ಎಳನೀರಿನವನ ನಿಜವಾದ ಗೊನೆಗಳು. ಬರೆದ ಎತ್ತಿನ ಕೊಂಬಿಗೆ ಸರಿಯಾಗಿ ಮೊಳೆ ಹೊಡೆದು ಒಬ್ಬ ಪುಣ್ಯಾತ್ಮ ಹೆಲ್ಮೆಟ್ ನೇತುಹಾಕಿದ್ದ. ಒಮ್ಮೆ ಕೊಡ ಹೊತ್ತ ಚೆಲುವೆಯ ಚಿತ್ರದ ಕೆಳಗೆ ಒಬ್ಬ ಅಜ್ಜಿ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಕಾಲೇಜು ಹುಡುಗನೊಬ್ಬ ಮೊಬೈಲು ಹಿಡಿದು, “ಅಜ್ಜಿ, ಒಂಚೂರು ಆ ಕಡೆ ಜರುಗ್ತೀರಾ, ಫೋಟೊಗೆ ಅಡ್ಡ ಬರ್ತೀರ” ಅಂದ.

“ನಾನ್ಯಾಕಪ್ಪ ಜರುಗ್ಲಿ, ನಂಗೆ ಯಾಪಾರ ಐತೆ. ಅವ್ಳು ಬೆಳಗಿಂದ ಸುಮ್ನೆ ನಿಂತವ್ಳೆ, ಅವ್ಳನ್ನೇ ಜರುಗ್ಸು” ಅಂದಳು ಅಜ್ಜಿ.

ಹುಡುಗ ಪೆಚ್ಚಾಗಿ ಅರ್ಧ ಕೆಜಿ ಅವರೆಕಾಯಿ ಕೊಂಡ. ಹಾಸ್ಟೆಲಿನವನಿರಬೇಕು, ಕಾಯಿ ಇಟ್ಟುಕೊಂಡು ಏನು ಮಾಡಿದನೋ.

ರಸ್ತೆಯನ್ನೇ ರಂಗ ಮಾಡಿದವರೆಂದರೆ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಹೊಂಡದಲ್ಲಿ ಮೊಸಳೆಯ ಬೊಂಬೆ ಬಿಟ್ಟರು. 2019ರಲ್ಲಿ, ಚಂದ್ರಯಾನ-2 ಇಳಿಯುವುದನ್ನು ದೇಶವೇ ಕಾಯುತ್ತಿದ್ದಾಗ, ಗುಂಡಿ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿ ವೇಷದವನನ್ನು ತೇಲುತ್ತ ನಡೆಸಿದರು. ಪಕ್ಕದಲ್ಲಿ ಆಟೊ ಹಾದುಹೋಗುವವರೆಗೂ ಅದು ಚಂದ್ರನೇ. ಹಿಂದೆ ದರ್ಬಾರು ಜೋಡಣೆಯಾಗುವಷ್ಟು ಹೊತ್ತು ಮುಂದೆ ನಗಿಸುವ ಹಳೇ ವಿದ್ಯೆ ಇದು. ವೀರಣ್ಣನವರಿದ್ದರೆ ಆ ಆಟೊದವನಿಗೂ ಬಣ್ಣ ಹಚ್ಚಿ ಸಂಬಳ ಕೊಡುತ್ತಿದ್ದರೇನೋ.

ಈಗ ನಾಟಕದ ಸೀನರಿಯಲ್ಲೂ ಫ್ಲೆಕ್ಸ್ ನುಗ್ಗಿದೆ. ಅದರಲ್ಲಿ ಮಹಡಿ ಮನೆಗಳು ಸಾಚಾ ಕಾಣುತ್ತವೆ, ಗಾಳಿ ಬಂದರೆ ಪಟಪಟ ಹೊಡೆದುಕೊಳ್ಳುತ್ತವೆ. ಬಟ್ಟೆಯ ಪರದೆ ಗಾಳಿಗೆ ತುಂಬಿಕೊಂಡಾಗ ಇಡೀ ಬೀದಿ ಉಸಿರೆಳೆದು ಬಿಡುತ್ತಿತ್ತು, ಅದು ಹೋಯಿತು.

ಊರ ಕಡೆ ಮಕ್ಕಳಿಗೆ ಮಾತ್ರ ಪರದೆಯ ಚಿಂತೆಯಿಲ್ಲ. ಎಷ್ಟೋ ಸರ್ಕಾರಿ ಶಾಲೆಗಳಿಗೆ ಈಗ ರೈಲು ಬೋಗಿಯ ಬಣ್ಣ ಬಳಿಯುತ್ತಾರಲ್ಲ, ಅಂಥದೊಂದು ಶಾಲೆಯ ಜಗಲಿಯಲ್ಲಿ ಮೊನ್ನೆ ಬಸ್ಸು ಕಾಯುತ್ತ ಕೂತಿದ್ದೆ. ಕಿವಿಯ ಮೇಲೆ ಸೀಸದ ಕಡ್ಡಿ ಸಿಕ್ಕಿಸಿಕೊಂಡ ಒಬ್ಬ ಹುಡುಗ ಬಂದು ಟಿಕೆಟ್ ಕೇಳಿದ.

“ತುಮಕೂರು ಒಂದು” ಅಂದೆ.

“ತುಮಕೂರಲ್ಲಿ ನಿಲ್ಸಲ್ಲ ಮಾವ, ಡೈರೆಕ್ಟ್ ಬಾಂಬೆ. ನೀವು ಇಳ್ಕಳಿ.”

ಇಳಿದೆ.