ಎರರ್ 17

ಕೋಡಿನ ಬದಲಾವಣೆಗಳ ಲೆಕ್ಕವಿಡಲು ಗಿಟ್ ಬಳಸುವ ಆಫೀಸುಗಳಲ್ಲೆಲ್ಲ ಒಬ್ಬರಿರುತ್ತಾರೆ. ಯಾರ ಕೋಡ್ ಕಾಣೆಯಾದರೂ ಎಲ್ಲರೂ ಓಡುವುದು ಅವರ ಟೇಬಲ್ಲಿಗೆ. ನಮ್ಮಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ಹಿರಿಯರು ಹಾಗಿದ್ದರು. ಮೈಸೂರು ಕಡೆಯವರು. ಮಾತು ಕಡಿಮೆ, ಕಾಫಿ ಜಾಸ್ತಿ.

2018ರ ಮಳೆಗಾಲ. ಬೆಂಗಳೂರಿನ ಆಫೀಸು. ಆಗಷ್ಟೇ ಕೆಲಸಕ್ಕೆ ಸೇರಿದ್ದ ದಾವಣಗೆರೆಯ ಹುಡುಗಿಯೊಬ್ಬಳು ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದು ನಿಂತಳು. "ಸರ್, ಮಧ್ಯಾಹ್ನದಿಂದ ಬರೆದಿದ್ದೆಲ್ಲ ಹೋಯ್ತು. ಕಮಿಟ್ ಮಾಡಿದ್ದೆ ಸರ್, ಆಣೆಗೂ."

"ಕಮಿಟ್ ಮಾಡಿದ್ರೆ ಎಲ್ಲಿಗೂ ಹೋಗಿರಲ್ಲ. ಕೂತ್ಕೊಳಮ್ಮ" ಅಂದರು ಹಿರಿಯರು.

ಆಗಿದ್ದಿಷ್ಟು. ಹಿಂದಿನ ರಿಲೀಸಿನಲ್ಲಿ ಏನಿತ್ತು ಅಂತ ನೋಡಲು ಅವಳು ಅದರ ಟ್ಯಾಗನ್ನು ಚೆಕ್‌ಔಟ್ ಮಾಡಿದ್ದಳು. ಹಾಗೆ ಮಾಡಿದಾಗ ನಾವು ಯಾವ ಬ್ರಾಂಚಿನಲ್ಲೂ ಇರುವುದಿಲ್ಲ. ಗಿಟ್ ಅದನ್ನು 'ಡಿಟ್ಯಾಚ್ಡ್ ಹೆಡ್' ಅನ್ನುತ್ತದೆ. ಅಲ್ಲೇ ಎರಡು ಕಮಿಟ್ ಮಾಡಿ ಮಾಸ್ಟರ್ ಬ್ರಾಂಚಿಗೆ ವಾಪಸಾದಳು. ಆ ಎರಡಕ್ಕೂ ಯಾವ ಬ್ರಾಂಚಿನ ಹೆಸರೂ ಇಲ್ಲದ್ದರಿಂದ ಲಾಗಿನಲ್ಲಿ ಕಾಣಲಿಲ್ಲ. ಆದರೆ ಹೆಡ್ ಎಲ್ಲೆಲ್ಲಿಗೆ ಹೋಗಿ ಬಂತು ಅನ್ನುವುದನ್ನೆಲ್ಲ ಗಿಟ್ ರಿಫ್ಲಾಗಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇಂಥ ಅನಾಥ ಕಮಿಟ್‌ಗಳ ದಾಖಲೆಯನ್ನೂ, ನಾವು ಸೆಟ್ಟಿಂಗ್ ಬದಲಿಸಿರದಿದ್ದರೆ, 30 ದಿನ ಕಾಯುತ್ತದೆ. ಹಿರಿಯರು ರಿಫ್ಲಾಗ್ ತೆಗೆದರು, ಕಮಿಟ್ ಹುಡುಕಿದರು, ಅದಕ್ಕೊಂದು ಬ್ರಾಂಚ್ ಕಟ್ಟಿದರು. ಕಾಫಿ ಆರುವ ಮೊದಲೇ ಕೆಲಸ ಮುಗಿದಿತ್ತು.

ಹುಡುಗಿ ಮಾತ್ರ ಏಳಲಿಲ್ಲ. "ಹೀಗಾಗುತ್ತೆ ಅಂತ ಅದು ಮೊದಲೇ ಹೇಳಬಾರದಾ ಸರ್?"

ಅವಳು ಮಾಡಿದ್ದನ್ನೇ ಮತ್ತೆ ಮಾಡಿ ನೋಡಿದೆವು. ಹೇಳಿತ್ತು, ಅದೂ ಎರಡು ಸಲ. ಟ್ಯಾಗಿಗೆ ಹೋದಾಗ ಒಂದು ದೊಡ್ಡ ಪ್ಯಾರಾ. ಹೊರಡುವಾಗ ಇನ್ನೊಂದು: ನೀವು ಎರಡು ಕಮಿಟ್ ಬಿಟ್ಟು ಹೋಗುತ್ತಿದ್ದೀರಿ, ಬೇಕಾದರೆ ಈ ಕಮಾಂಡಿನಿಂದ ಬ್ರಾಂಚ್ ಮಾಡಿಕೊಳ್ಳಿ. ಕಮಾಂಡು ಕೂಡ ಅಲ್ಲೇ ಇತ್ತು. ನನ್ನನ್ನು ಕೇಳಿದರೆ ಗಿಟ್‌ನ ಒಳ್ಳೆಯ ಸಂದೇಶಗಳಲ್ಲಿ ಅದೂ ಒಂದು. ಹುಡುಗಿ ಮಾತ್ರ ಒಪ್ಪಲಿಲ್ಲ. "ದಿನಾ ಏನು ಟೈಪ್ ಮಾಡಿದ್ರೂ ಹೀಗೇ ನಾಲ್ಕು ಸಾಲು ಬರುತ್ತೆ. ಇದರಲ್ಲಿ ಯಾವುದನ್ನ ಓದಬೇಕು, ಯಾವುದನ್ನ ಬಿಡಬೇಕು?"

ಹಿರಿಯರು ಉತ್ತರಿಸದೆ ಚಾಳೀಸು ಒರೆಸಿಕೊಂಡರು.

ಅವರನ್ನೂ ಗಿಟ್ಟನ್ನೂ ದೂರಿ ಪ್ರಯೋಜನವಿಲ್ಲ. 2005ರ ಏಪ್ರಿಲ್‌ನಲ್ಲಿ, ಲಿನಕ್ಸ್ ಕರ್ನಲ್‌ನವರಿಗೆ ಅಂಥದ್ದೇ ಇನ್ನೊಂದು ಸಾಧನವಾದ ಬಿಟ್‌ಕೀಪರ್ ಪುಕ್ಕಟೆಯಾಗಿ ಸಿಗುವುದು ನಿಂತಾಗ, ಲಿನಸ್ ಟೊರ್ವಾಲ್ಡ್ಸ್ ತುರ್ತಿಗೆ ಬರೆದುಕೊಂಡ ಸಾಧನ ಅದು. ಜುಲೈ ಹೊತ್ತಿಗೆ ಅದರ ಹೊಣೆ ಜೂನಿಯೊ ಹಮಾನೊ ಅವರ ಕೈಗೆ ಬಂತು. ಮೊದಮೊದಲು ಅದನ್ನು ಬಳಸಿದವರಿಗೆ ಒಳಗಿನ ಲೆಕ್ಕಾಚಾರವೆಲ್ಲ ಗೊತ್ತಿತ್ತು, ವಿವರಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಹಾಗಾಗಿಯೇ 'ಚೆಕ್‌ಔಟ್'ಗೆ ಬ್ರಾಂಚಿನ ಹೆಸರು ಕೊಟ್ಟರೆ ಬ್ರಾಂಚ್ ಬದಲಾಗುತ್ತಿತ್ತು, ಫೈಲಿನ ಹೆಸರು ಕೊಟ್ಟರೆ ಆ ಫೈಲಿನಲ್ಲಿ ಮಾಡಿದ ತಿದ್ದುಪಡಿಯೆಲ್ಲ ಹೇಳದೆ ಕೇಳದೆ ಅಳಿಸಿಹೋಗುತ್ತಿತ್ತು.

ಆ ರಾತ್ರಿ ಇನ್ನೂ ಮುಗಿದಿರಲಿಲ್ಲ. ಉಳಿಸಿಕೊಂಡ ಕೋಡನ್ನು ಅವಳು ಪುಶ್ ಮಾಡಿದಳು. ಸರ್ವರ್ ವಾಪಸ್ ಕಳಿಸಿತು: "ಎರರ್ 17, ಪಾಲಿಸಿ ಚೆಕ್ ಫೇಲ್ಡ್." ಈ ಸಂದೇಶ ಗಿಟ್‌ನದಲ್ಲ, ನಮ್ಮದೇ. ಪುಶ್ ಒಪ್ಪಿಕೊಳ್ಳುವ ಮುನ್ನ ಸರ್ವರಿನಲ್ಲಿ ಪ್ರಿ-ರಿಸೀವ್ ಹುಕ್ ಎಂಬ ಸಣ್ಣ ಪ್ರೋಗ್ರಾಂ ಓಡುತ್ತದೆ. ಅದು ಏನು ಪ್ರಿಂಟ್ ಮಾಡಿದರೂ 'ರಿಮೋಟ್' ಎಂಬ ಹಣೆಪಟ್ಟಿಯೊಂದಿಗೆ ನಮ್ಮ ಪರದೆಗೆ ಬರುತ್ತದೆ. ಎರರ್ 17 ಅಂದರೆ ಕಮಿಟ್ ಸಂದೇಶದ ಮೊದಲ ಸಾಲಿನಲ್ಲಿ ಟಿಕೆಟ್ ನಂಬರ್ ಇಲ್ಲ ಎಂದರ್ಥ. ಇದು ಹಿರಿಯರಿಗೊಬ್ಬರಿಗೇ ಗೊತ್ತು. ದಾರಿ ಕೇಳಿದವನಿಗೆ 'ಇದಲ್ಲ' ಎಂದಷ್ಟೇ ಹೇಳಿ ಕದ ಹಾಕಿಕೊಂಡ ಹಾಗಿತ್ತು ಆ ಹುಕ್ಕು.

"ಇದನ್ನ ನೀನೇ ಬರಿ" ಅಂದರು ಹಿರಿಯರು. "ನನಗೆ ಬರೆಯೋಕಾಗಲ್ಲ. ನನಗೆ ಅರ್ಥ ಆಗಿಬಿಟ್ಟಿದೆ."

ಮಾರನೆಯ ದಿನ ಅವಳು ತಂದದ್ದು ಎಂಟು ಸಾಲಿನ ಇಂಗ್ಲಿಷು, ಅದರಲ್ಲಿ ಎರಡು ಕಡೆ 'ಪ್ಲೀಸ್'. ಹಿರಿಯರು ಹಾಳೆಯನ್ನು ಮಗುಚಿಟ್ಟರು. "ಮೊದಲು ಪಕ್ಕದ ಸೀಟಿನವರಿಗೆ ಹೇಳೋ ಹಾಗೆ ಕನ್ನಡದಲ್ಲಿ ಹೇಳು." ಅವಳು ಹೇಳಿದಳು: "ಮೊದಲನೇ ಸಾಲಲ್ಲಿ ಟಿಕೆಟ್ ನಂಬರ್ ಹಾಕಿಲ್ಲ. ಅಮೆಂಡ್ ಮಾಡಿ ಹಾಕಿ, ಮತ್ತೆ ಪುಶ್ ಮಾಡಿ." "ಅಷ್ಟೇ ಬರಿ" ಅಂದರು. ಗಿಟ್ ಯೋಜನೆಯವರು ಕೋಡ್ ಬರೆಯುವವರಿಗೆಂದು ಇಟ್ಟಿರುವ ಕೈಪಿಡಿಯಲ್ಲೂ ಇದೇ ಧಾಟಿಯ ನಿಯಮಗಳಿವೆ: ತಪ್ಪೇನೆಂದು ಮೊದಲು ಹೇಳಿ, ಒಂದೇ ವಾಕ್ಯದ ಸಂದೇಶಕ್ಕೆ ಕೊನೆಯಲ್ಲಿ ಚುಕ್ಕಿ ಬೇಡ.

ಬರೆದದ್ದನ್ನು ಟೆಸ್ಟಿಂಗ್ ತಂಡದ ಹುಡುಗನೊಬ್ಬನ ಮುಂದಿಟ್ಟು ಬಾಯಿ ಮುಚ್ಚಿಕೊಂಡು ಕೂತೆವು. ಅವನು ಹೇಳಿದ ಹಾಗೇ ಅಮೆಂಡ್ ಮಾಡಿ ಪುಶ್ ಮಾಡಿದ. ಮತ್ತೆ ಎರರ್. ಇನ್ನೊಂದು ಸಲ ಅಮೆಂಡ್, ಇನ್ನೊಂದು ಸಲ ಎರರ್. ನಂಬರ್ ಇಲ್ಲದಿದ್ದದ್ದು ಮೂರು ಕಮಿಟ್ ಹಿಂದೆ. ಅಮೆಂಡ್ ಮುಟ್ಟುವುದು ಕೊನೆಯದನ್ನು ಮಾತ್ರ.

ಸಲಹೆಯೇ ಇಲ್ಲದ ಸಂದೇಶ ನಮ್ಮನ್ನು ಇದ್ದಲ್ಲೇ ನಿಲ್ಲಿಸುತ್ತದೆ. ತಪ್ಪು ಸಲಹೆ ಕೈಹಿಡಿದು ಇನ್ನೂ ದೂರ ಎಳೆದೊಯ್ಯುತ್ತದೆ. ಗಿಟ್‌ನಲ್ಲೇ ಇದಕ್ಕೆ ಉದಾಹರಣೆ ಉಂಟು. ಪುಶ್ ಆದ ಕಮಿಟ್ಟನ್ನು ಅಮೆಂಡ್ ಮಾಡಿ ಮತ್ತೆ ಪುಶ್ ಮಾಡಿದರೆ, ನಿಮ್ಮ ಬ್ರಾಂಚ್ ಹಿಂದಿದೆ, ಮೊದಲು ಪುಲ್ ಮಾಡಿ ಎಂಬ ಸುಳಿವು ಆಗ ಬರುತ್ತಿತ್ತು. ನಂಬಿ ಪುಲ್ ಮಾಡಿ ಮರ್ಜ್ ಮಾಡಿದರೆ ಹಳೆಯದೂ ಹೊಸದೂ ಎರಡೂ ಇತಿಹಾಸದಲ್ಲಿ ಕೂರುತ್ತವೆ. ಬೇರೆಯವರು ಮೊದಲೇ ಪುಶ್ ಮಾಡಿದ್ದರೆ ಆ ಸಲಹೆ ಸರಿ. ಇತಿಹಾಸ ತಿದ್ದಿಕೊಂಡವನಿಗೆ ಸಲ್ಲದು.

ಹಾಗಾಗಿ ಹುಡುಗಿ ಹುಕ್ಕಿನೊಳಗೇ ಕೈಹಾಕಿದಳು. ತಪ್ಪಿರುವುದು ಯಾವ ಕಮಿಟ್‌ನಲ್ಲಿ ಎಂದು ಅದು ಹುಡುಕಿ ತೋರಿಸಬೇಕು. ಕೊನೆಯದಾದರೆ ಅಮೆಂಡ್, ಹಿಂದಿನದಾದರೆ ಇಂಟರಾಕ್ಟಿವ್ ರಿಬೇಸ್. ಸಂದೇಶ ತಿದ್ದಲು ಕೂತವಳು ಕೊನೆಗೆ ಪ್ರೋಗ್ರಾಮನ್ನೇ ತಿದ್ದಿದಳು.

ಹೊಸ ಸಂದೇಶ ಹಾಕಿದ ಮರುದಿನ ಬೆಳಿಗ್ಗೆ ಇನ್ನೊಂದು ಮಹಡಿಯಿಂದ ಕೂಗಾಟ. ಯಾರೋ ಪುಣ್ಯಾತ್ಮರು ರಾತ್ರಿ ಓಡುವ ಸ್ಕ್ರಿಪ್ಟಿನಲ್ಲಿ 'ಎರರ್ 17' ಎಂಬ ಅಕ್ಷರಗಳನ್ನೇ ಹುಡುಕಿ ವರದಿ ಮಾಡುವಂತೆ ಬರೆದಿದ್ದರು. ಅಕ್ಷರ ಮಾಯವಾಯಿತು, ವರದಿಯೂ ಮಾಯವಾಯಿತು. ಮನುಷ್ಯರು ಓದಲೆಂದು ಬರೆದದ್ದನ್ನು ಸ್ಕ್ರಿಪ್ಟುಗಳೂ ಓದುತ್ತಿರುತ್ತವೆ. ಅದಕ್ಕೇ ಗಿಟ್‌ನಲ್ಲಿ ಸ್ಟೇಟಸ್ ಕಮಾಂಡಿಗೆ 'ಪೋರ್ಸಲೇನ್' ಎಂಬ ಆಯ್ಕೆ ಇದೆ; ಸ್ಕ್ರಿಪ್ಟುಗಳಿಗಾಗಿಯೇ ಇರುವ, ಆವೃತ್ತಿ ಬದಲಾದರೂ ಬದಲಾಗದ ಔಟ್‌ಪುಟ್ ಅದು. ನಮ್ಮ ಹುಕ್ಕಿಗೆ ಅಂಥ ಭಾಗ್ಯವಿರಲಿಲ್ಲ. ಹಿರಿಯರು ಪಂಚಾಯಿತಿ ಮಾಡಿ, ವಾಕ್ಯ ಮೊದಲಿರಲಿ, ನಂಬರು ಕೊನೆಗಿರಲಿ ಎಂದು ತೀರ್ಮಾನಿಸಿದರು.

ಮುಂದಿನ ವರ್ಷ ಆಗಸ್ಟ್‌ನಲ್ಲಿ ಗಿಟ್ 2.23 ಬಂತು. ಚೆಕ್‌ಔಟ್‌ನ ಎರಡು ಕೆಲಸಗಳನ್ನು 'ಸ್ವಿಚ್', 'ರಿಸ್ಟೋರ್' ಎಂಬ ಎರಡು ಕಮಾಂಡುಗಳು ಹಂಚಿಕೊಂಡವು. ಸ್ವಿಚ್‌ಗೆ ಟ್ಯಾಗ್ ಕೊಟ್ಟರೆ, ಬೇಕಿದ್ದದ್ದು ಬ್ರಾಂಚ್, ಕೊಟ್ಟದ್ದು ಟ್ಯಾಗ್ ಎಂದು ನಿಂತುಬಿಡುತ್ತದೆ. ಡಿಟ್ಯಾಚ್ ಎಂದು ಬಾಯಿಬಿಟ್ಟು ಕೇಳಿದರೆ ಮಾತ್ರ ಒಳಗೆ ಬಿಡುತ್ತದೆ. ಎಂಟು ಸಾಲು ಎಚ್ಚರಿಕೆಗಿಂತ ಈ ಒಂದು ತಡೆ ಮೇಲು ಎಂದು ನನ್ನ ಅಭಿಪ್ರಾಯ. ಎಚ್ಚರಿಕೆಯ ಕಥೆ 2020ರಲ್ಲಿ ಇನ್ನೊಮ್ಮೆ ನಡೆಯಿತು: 2.27ರಲ್ಲಿ ಪುಲ್ ಮಾಡಿದಾಗೆಲ್ಲ, ಬ್ರಾಂಚುಗಳು ಕವಲೊಡೆಯದೇ ಇದ್ದರೂ, ಉದ್ದದ ಎಚ್ಚರಿಕೆ ಸುರಿಯತೊಡಗಿತು. ಆಮೇಲೆ ಅದನ್ನು ಕವಲೊಡೆದಾಗಷ್ಟೇ ಬರುವಂತೆ ಮಾಡಿದರು. 2021ರಿಂದೀಚೆಗೆ, ಕವಲೊಡೆದಿದ್ದು ಹೇಗೆ ಸೇರಿಸಬೇಕೆಂದು ಹೇಳದಿದ್ದರೆ, ಪುಲ್ ನಿಂತೇಬಿಡುತ್ತದೆ.

ಹುಡುಗಿ 17ನ್ನು ಮುಗಿಸಿ ಉಳಿದ ನಂಬರುಗಳನ್ನೂ ಒಂದೊಂದಾಗಿ ಬಿಡಿಸಿ ಬರೆದಳು. ಎರರ್ 9 ಮಾತ್ರ ದಕ್ಕಲಿಲ್ಲ. ಅದು ಯಾವಾಗ ಬರುತ್ತದೆಂದು ಕೋಡ್ ಓದಿದರೂ ತಿಳಿಯಲಿಲ್ಲ, ಹಿರಿಯರಿಗೂ ನೆನಪಿರಲಿಲ್ಲ, ತೆಗೆದುಹಾಕಲು ಇಬ್ಬರಿಗೂ ಧೈರ್ಯ ಬರಲಿಲ್ಲ. "ಇದು ಕಂಡರೆ ಈ ಎಕ್ಸ್‌ಟೆನ್ಶನ್‌ಗೆ ಫೋನ್ ಮಾಡಿ" ಎಂದು ಬರೆದು ತನ್ನ ನಂಬರ್ ಹಾಕಿದಳು. ಈಗ ಅವಳು ಬೇರೆ ಕಂಪನಿಯಲ್ಲಿದ್ದಾಳೆ, ಆ ಫೋನು ಅಕೌಂಟ್ಸ್‌ನವರ ಟೇಬಲ್ಲಿನ ಮೇಲಿದೆಯಂತೆ.